ಬಳ್ಳಿಯೇ ಇಲ್ಲದ ‘ನ್ಯಾಚುರಲ್’ ವೆನಿಲ್ಲಾ

“ಈಗ ಯೀಸ್ಟೇ ವೆನಿಲ್ಲಾ ಮಾಡುತ್ತಂತೆ ಮಾರಾಯ, ಇನ್ನು ತೋಟ ಯಾಕೆ?” ಆಫೀಸಿನ ಕ್ಯಾಂಟೀನಿನಲ್ಲಿ ಐಸ್‌ಕ್ರೀಮ್ ಚಮಚ ನೆಕ್ಕುತ್ತಾ ಗೆಳೆಯ ಕೇಳಿದ.

ಕೇಳಬೇಕಾದವನನ್ನೇ ಕೇಳಿದ. ನಾನು ಹೈಸ್ಕೂಲಿನಲ್ಲಿದ್ದಾಗ ಮಲೆನಾಡಿನ ನಮ್ಮ ಅಡಿಕೆ ತೋಟದಲ್ಲೂ ವೆನಿಲ್ಲಾ ಹಬ್ಬಿತ್ತು. ಈ ಹೂವು ಅರಳಿರೋದು ಒಂದೇ ಬೆಳಗ್ಗೆ. ಅದರ ತವರು ಮೆಕ್ಸಿಕೋದಲ್ಲಿ ನೆರವಿಗೆ ಜೇನಿದೆ, ನಮ್ಮಲ್ಲಿ ಅಮ್ಮ ಇದ್ಲು. ಸಣ್ಣ ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗಸ್ಪರ್ಶ ಮಾಡ್ತಿದ್ಲು. ಈ ಕಡ್ಡಿ ವಿದ್ಯೆ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್, 1841ರಲ್ಲಿ. ರಿಯೂನಿಯನ್ ದ್ವೀಪದ 12 ವರ್ಷದ ಗುಲಾಮ ಹುಡುಗ. ಹೂವಾದ ಮೇಲೆ ಬೀನ್ಸ್ ಬಲಿಯೋಕೆ ಎಂಟೊಂಬತ್ತು ತಿಂಗಳು, ಹದ ಮಾಡೋಕೆ ಮತ್ತಷ್ಟು ತಿಂಗಳು. 2003ರ ಹೊತ್ತಿಗೆ ಹಸಿ ಬೀನ್ಸು ಕಿಲೋಗೆ ಮೂರು ಸಾವಿರ ದಾಟಿ, ಊರವರೆಲ್ಲ ರಾತ್ರಿ ನಾಯಿ ಕಟ್ಟಿಕೊಂಡು ತೋಟ ಕಾದಿದ್ದರು. ಆಮೇಲೆ ನೂರಕ್ಕೂ ಕೇಳೋರಿಲ್ಲ. ಅಪ್ಪ ಬಳ್ಳಿ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದ್ರು.

ಆ ಕುಸಿತಕ್ಕೆ ಯೀಸ್ಟ್ ಕಾರಣವಲ್ಲ. ಚಂಡಮಾರುತಕ್ಕೆ ಸಿಕ್ಕಿದ್ದ ಮಡಗಾಸ್ಕರ್ ಚೇತರಿಸಿಕೊಂಡಿತು, ಬೆಲೆಗೆ ಬೆದರಿದ ಕಂಪನಿಗಳು ಕೃತಕ ವೆನಿಲಿನ್ ಕಡೆ ಹೊರಳಿದವು. ಸುಳ್ಳು ಹೇಳಿ ಜಗಳ ಗೆಲ್ಲೋ ಆಸೆ ನನಗಿಲ್ಲ. ಮಲೇರಿಯಾ ಔಷಧಿ ಆರ್ಟಿಮಿಸಿನಿನ್‌ನ ಕಚ್ಚಾವಸ್ತುವನ್ನು ಯೀಸ್ಟಿನಿಂದ ಮಾಡಿಸಿದಾಗ ನಾನೂ ಚಪ್ಪಾಳೆ ಹೊಡೆದವನೇ.

ನನ್ನ ತಕರಾರು ಲೇಬಲ್ ಮೇಲೆ. 2009ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಬೇಕರಿ ಯೀಸ್ಟಿಗೆ ಎಲ್ಲೆಲ್ಲಿಯ ಜೀನ್ ಸೇರಿಸಿದ್ರು ನೋಡಿ: ಸಗಣಿ ಮೇಲೆ ಬೆಳೆಯೋ ಬೂಷ್ಟಿನದು, ಬ್ಯಾಕ್ಟೀರಿಯಾದ್ದು, ಕೊನೆಗೆ ಮನುಷ್ಯನದ್ದೂ. ವೆನಿಲ್ಲಾ ಬಳ್ಳಿಯದ್ದು? ಒಂದೂ ಇಲ್ಲ ಸ್ವಾಮಿ! ಸಕ್ಕರೆ ತಿಂದು ವೆನಿಲಿನ್ ಕೊಡುತ್ತೆ. ಎಂಜಿನಿಯರ್ ಆಗಿ ನಾನು ತಲೆಬಾಗ್ತೀನಿ. ಆದರೆ ಹುದುಗಿಸಿ ಮಾಡಿದ್ದು ಅನ್ನೋ ಒಂದೇ ನೆಪದಲ್ಲಿ ಅಮೆರಿಕ, ಯುರೋಪಿನಲ್ಲಿ ಇಂಥದ್ದನ್ನು ‘ನ್ಯಾಚುರಲ್ ಫ್ಲೇವರ್’ ಅಂತ ಮಾರೋಕೆ ದಾರಿಯಿದೆ. ಬೀನ್ಸಿನಲ್ಲಿ ವೆನಿಲಿನ್ ಜೊತೆ ಇನ್ನೂರಕ್ಕೂ ಹೆಚ್ಚು ಪರಿಮಳದ ಅಂಶಗಳಿರ್ತವೆ ಅನ್ನೋದು ಯಾರಿಗೆ ಬೇಕು?

ಜಗತ್ತು ತಿನ್ನೋ ವೆನಿಲ್ಲಾ ರುಚಿಯಲ್ಲಿ ಬಳ್ಳಿಯಿಂದ ಬರೋದು ಶೇ. 1ಕ್ಕಿಂತ ಕಡಿಮೆ. ಉಳಿದದ್ದು ಬಹುಪಾಲು ಪೆಟ್ರೋಲಿಯಂ ಮೂಲದ್ದು. ಆ ತೊಂಬತ್ತೊಂಬತ್ತನ್ನೂ ಯೀಸ್ಟ್ ತಗೊಳ್ಳಲಿ, ಸಂತೋಷ. ಆದರೆ ಅಲ್ಲಿ ಕಾಸು ಹುಟ್ಟಲ್ಲ. ಕಾಸಿರೋದು ‘ನ್ಯಾಚುರಲ್’ ಅನ್ನೋ ಪದದಲ್ಲಿ. ಮಡಗಾಸ್ಕರಿನ ರೈತನ ಕೈಯಲ್ಲಿ ಉಳಿದಿರೋದೂ ಅದೊಂದೇ.

“ರೈತರೂ ಅಪ್‌ಸ್ಕಿಲ್ ಆಗ್ಬೇಕಪ್ಪ” ಅಂದ ಗೆಳೆಯ. ಹೌದಾ? ನಮ್ಮ ಆ್ಯಪಿನ ಹೆಸರನ್ನೇ ಹೋಲೋ ಹೆಸರಿಟ್ಟು ಯಾರಾದ್ರೂ ಮಾರಿದ್ರೆ, ನಮ್ಮ ಲೀಗಲ್ ಟೀಮ್ ಸಂಜೆಯೊಳಗೆ ನೋಟಿಸ್ ಕಳಿಸುತ್ತೆ. ಆಗ ನಮಗ್ಯಾರೂ ಅಪ್‌ಸ್ಕಿಲ್ ಆಗಿ ಅನ್ನಲ್ಲ.

‘ಯೀಸ್ಟಿನಿಂದ ಮಾಡಿದ ವೆನಿಲಿನ್’ ಅಂತ ದಪ್ಪ ಅಕ್ಷರದಲ್ಲಿ ಬರೀರಿ. ನಾನೂ ಕೊಂಡು ತಿಂತೀನಿ.