ಪಟ್ಟಿ ಸರಿಯಿದ್ದರೆ ಅಹವಾಲು ನಿಲ್ಲುತ್ತದೆ

ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆ ವಿಧಿಯನ್ನು ನಂಬಿ ನಾವು ಮನವಿ ಸಲ್ಲಿಸುತ್ತೇವೆ. ಆದರೆ ಜೊತೆಗಿಟ್ಟ ದಾಖಲೆಗಳ ಪಟ್ಟಿಯೇ ತಪ್ಪಿದ್ದರೆ ನ್ಯಾಯವಾದ ಬೇಡಿಕೆಯೂ ಮೊದಲ ಮೇಜನ್ನು ದಾಟುವುದಿಲ್ಲ.

ಕನ್ನಡ ಅಧ್ಯಾಪಕರ ನೇಮಕವನ್ನು ಕೋರಿ ರಕ್ಷಕರ ಪರವಾಗಿ ನಾನು ಸಿದ್ಧಪಡಿಸಿದ ಮನವಿಯೊಂದು ಹೀಗೆಯೇ ಹಿಂದಿರುಗಿತು. ಸ್ಕ್ಯಾನ್ ಮಾಡಿದ ಅರುವತ್ತಕ್ಕೂ ಮಿಕ್ಕ ಕಡತಗಳ ಹೆಸರನ್ನು ನೆನಪಿನಿಂದ ಟೈಪ್ ಮಾಡಿದ್ದೆ. ಪಟ್ಟಿಯಲ್ಲಿದ್ದ ಎರಡು ದಾಖಲೆಗಳು ಫೋಲ್ಡರಿನಲ್ಲಿರಲಿಲ್ಲ. ತಪ್ಪು ನನ್ನದೇ. ಅಂದಿನಿಂದ ಈ ಕೆಲಸವನ್ನು ಪರ್ಲ್ ಭಾಷೆಗೆ ಒಪ್ಪಿಸಿದ್ದೇನೆ. ಲ್ಯಾರಿ ವಾಲ್ 1987ರಲ್ಲಿ ಹೊರತಂದ ಈ ಭಾಷೆ, ನಮ್ಮ ಮಕ್ಕಳು ಶಾಲೆಯಲ್ಲಿ ಬಳಸುವ ಲಿನಕ್ಸ್ ಕಂಪ್ಯೂಟರುಗಳಲ್ಲಿ ಮೊದಲೇ ಇರುತ್ತದೆ.

ವಿಧಾನ ಸರಳ. 'ಓಪನ್‌ಡಿರ್' ಫೋಲ್ಡರನ್ನು ತೆರೆಯುತ್ತದೆ, 'ರೀಡ್‌ಡಿರ್' ಅದರೊಳಗಿನ ಹೆಸರುಗಳನ್ನು ಕೊಡುತ್ತದೆ. ಬಳಿಕ 'ಓಪನ್' ಆದೇಶದಿಂದ ಪಟ್ಟಿಯ ಕಡತವನ್ನು ತೆರೆದು, 'ಪ್ರಿಂಟ್' ಮೂಲಕ ಸಾಲಿಗೊಂದರಂತೆ ಹೆಸರು ಬರೆದು, 'ಕ್ಲೋಸ್' ಮಾಡಬೇಕು. ತೆರೆಯಲಾಗದಿದ್ದರೆ ಅಲ್ಲಿಯೇ ನಿಲ್ಲುವಂತೆ 'ಆರ್ ಡೈ' ಸೇರಿಸುವುದು ಕ್ಷೇಮ.

ಎಡವುವ ಜಾಗಗಳು ಕೆಲವಿವೆ. ಒಂದು ಚುಕ್ಕಿ, ಎರಡು ಚುಕ್ಕಿ ಎಂಬ ಹೆಸರುಗಳೂ ಬರುತ್ತವೆ. ಅವು ಈ ಫೋಲ್ಡರ್ ಮತ್ತು ಇದರ ಮೇಲಿನ ಫೋಲ್ಡರ್, ದಾಖಲೆಗಳಲ್ಲ. ಅವನ್ನು ಬಿಡಬೇಕು. ಹೆಸರುಗಳು ಕ್ರಮವಾಗಿ ಬರುತ್ತವೆಂಬ ಭರವಸೆಯಿಲ್ಲ, 'ಸಾರ್ಟ್' ಬೇಕು. ಅದೂ ಅಕ್ಷರಕ್ರಮದಲ್ಲಿ ಜೋಡಿಸುವುದರಿಂದ 10 ಎಂಬುದು 2ಕ್ಕಿಂತ ಮೊದಲು ಬರುತ್ತದೆ. ಆದುದರಿಂದ ಕಡತಗಳಿಗೆ 01, 02 ಎಂದೇ ಹೆಸರಿಡಿ. ಒಂದು ಬಾಣದ ಗುರುತಿನಿಂದ ತೆರೆದರೆ ಹಳೆಯ ಪಟ್ಟಿ ಅಳಿಸಿಹೋಗುತ್ತದೆ, ಎರಡು ಬಾಣವಾದರೆ ಹೊಸದು ಅದರ ಕೊನೆಗೆ ಸೇರುತ್ತದೆ. ಪಟ್ಟಿಯನ್ನು ಅದೇ ಫೋಲ್ಡರಿನಲ್ಲಿಟ್ಟರೆ ಮುಂದಿನ ಬಾರಿ ಅದೂ ಒಂದು ದಾಖಲೆಯಾಗಿ ಎಣಿಕೆಗೆ ಬರುತ್ತದೆ. ಕನ್ನಡದ ಹೆಸರುಗಳನ್ನು ಓದುವಾಗ ಯುಟಿಎಫ್-8ರಿಂದ ಡಿಕೋಡ್ ಮಾಡದೆ, ಬರೆಯುವಾಗ ಮಾತ್ರ ಆ ಸಂಕೇತವನ್ನು ಸೂಚಿಸಿದರೆ ಅಕ್ಷರಗಳು ಕಲಸಿಹೋಗುತ್ತವೆ.

ಇಷ್ಟಾದರೂ ಯಂತ್ರ ಹೇಳುವುದು ಆ ಹೆಸರಿನ ಕಡತವಿದೆ ಎಂಬುದನ್ನಷ್ಟೇ. ಒಳಗಿನ ದಾಖಲಾತಿ ಪುಸ್ತಕದ ಪುಟ ಓದಲು ಬರುತ್ತದೆಯೇ, ಮುಖ್ಯೋಪಾಧ್ಯಾಯರ ಸಹಿ ಕಾಣುತ್ತದೆಯೇ ಎಂಬುದನ್ನು ನಾವೇ ತೆರೆದು ನೋಡಬೇಕು. ಈ ವರ್ಷ ಮನವಿ ಸಲ್ಲಿಸಲಿರುವ ರಕ್ಷಕ-ಶಿಕ್ಷಕ ಸಂಘಗಳು ಪಟ್ಟಿಯನ್ನು ಮುದ್ರಿಸಿ, ಒಬ್ಬರು ಓದಿ ಇನ್ನೊಬ್ಬರು ಗುರುತು ಹಾಕಿ, ಆ ಬಳಿಕವೇ ಸಹಿ ಮಾಡಲಿ.