ದೊಡ್ಡಮ್ಮನ ಬಳೆ ಮತ್ತು ಮೊದಲ ತೂಬು

ಮೇಲುಕೋಟೆ ವೈರಮುಡಿ ಜಾತ್ರೆಗೆ ಹೋದರೆ ನಮ್ಮ ದೊಡ್ಡಮ್ಮ ಬಳೆ ಅಂಗಡಿ ಮುಂದೆ ನಿಲ್ಲದೆ ವಾಪಸ್ ಬಂದವರಲ್ಲ. ಈ ಸಲವೂ ನಿಂತರು. ಎಡಗೈಗೆ ಒಂದು ಡಜನ್ ಗಾಜಿನ ಬಳೆ ಸಲೀಸಾಗಿ ಏರಿತು. ಬಲಗೈಗೆ ಒಂದೂ ಏರಲಿಲ್ಲ. ಬಳೆಯವನು ದೊಡ್ಡ ಸೈಜ್ ತೆಗೆದ, ಅದಕ್ಕಿಂತ ದೊಡ್ಡದನ್ನೂ ತೆಗೆದ. ‘ಬುಡಪ್ಪ, ಈ ಕೈಗೆ ಬ್ಯಾಡ’ ಅಂದು ಸೆರಗು ಎಳೆದುಕೊಂಡರು.

ಹತ್ತು ವರ್ಷದ ಹಿಂದೆ ಅವರಿಗೆ ಬಲಸ್ತನದ ಕ್ಯಾನ್ಸರ್ ಆಗಿತ್ತು. ಆಪರೇಷನ್‌ನಲ್ಲಿ ಗಡ್ಡೆಯ ಜೊತೆಗೆ ಕಂಕುಳಿನ ಗ್ರಂಥಿಗಳನ್ನೂ ಬಳಿದು ತೆಗೆದರು. ಕ್ಯಾನ್ಸರ್ ಹೋಯ್ತು, ದೇವರು ದೊಡ್ಡವನು. ಆದರೆ ಆಮೇಲೆ ಬಂದ ರಿಪೋರ್ಟ್ ನೋಡಿದರೆ, ತೆಗೆದ ಗ್ರಂಥಿಗಳಲ್ಲಿ ಒಂದರಲ್ಲೂ ಕ್ಯಾನ್ಸರ್ ಇರಲಿಲ್ಲ! ಕೈ ಮಾತ್ರ ಬಾತುಕೊಂಡೇ ಉಳಿಯಿತು. ಹಾಲು ಕರೆಯೋಕೆ ಆಗಲ್ಲ. ಕಬ್ಬಿನ ಗರಿ ತರಚಿದರೂ ಕೈ ಕೆಂಪಾಗಿ ಜ್ವರ ಬರುತ್ತೆ.

ಹೋದ ತಿಂಗಳು ನನ್ನ ಟೀಮಿನ ಗೆಳತಿ ಫೋನ್ ಮಾಡಿದಳು. ನಾಗಮಂಗಲದಲ್ಲಿರುವ ಅವಳ ಅಮ್ಮನಿಗೂ ಅದೇ ಕಾಯಿಲೆ, ಸದ್ಯ ಶುರುವಿನ ಹಂತ. ‘ನಮ್ಮಲ್ಲಿ ಐಸೋಟೋಪ್ ಸೌಲಭ್ಯ ಇಲ್ಲ, ಅದಕ್ಕೆ ಕಂಕುಳು ಪೂರ್ತಿ ಕ್ಲಿಯರ್ ಮಾಡ್ತೀವಿ’ ಅಂದಿದ್ದರಂತೆ ಒಂದು ಆಸ್ಪತ್ರೆಯವರು. ನನಗೆ ತಕ್ಷಣ ನೆನಪಾಗಿದ್ದು ಆ ಬಳೆ. ನಾನು ಕೋಡ್ ಬರೆಯೋನು, ಡಾಕ್ಟರ್ ಅಲ್ಲ. ಆದರೂ ರಾತ್ರಿಯೆಲ್ಲ ಕೂತು ಓದಿದೆ.

ವಿಷಯ ನಮ್ಮ ವಿ.ಸಿ. ನಾಲೆಯಷ್ಟೇ ಸರಳ. ಕೆಆರ್‌ಎಸ್‌ನಿಂದ ಹೊರಟ ನೀರು ಪಾಂಡವಪುರದ ಕಡೆ ಬಂದು ತೂಬುಗಳಲ್ಲಿ ಗದ್ದೆಗೆ ಇಳಿಯುತ್ತೆ. ನಾಲೆಗೆ ಏನಾದರೂ ಬೆರೆತರೆ ಅದು ಮೊದಲು ಕಾಣೋದು ಮೊದಲ ತೂಬಿನ ಗದ್ದೆಯಲ್ಲಿ. ಸ್ತನದ ದುಗ್ಧರಸವೂ ಸಣ್ಣ ಕಾಲುವೆಗಳಲ್ಲಿ ಹೆಚ್ಚಾಗಿ ಕಂಕುಳಿನ ಗ್ರಂಥಿಗಳಿಗೇ ಹರಿಯುತ್ತೆ. ಕ್ಯಾನ್ಸರ್ ಕಣ ಹೊರಟರೆ ಸಾಮಾನ್ಯವಾಗಿ ಮೊದಲು ಸಿಕ್ಕಿಬೀಳೋದು ಮೊದಲ ಒಂದೆರಡು ಗ್ರಂಥಿಯಲ್ಲಿ. ಅದೇ ಸೆಂಟಿನೆಲ್ ನೋಡ್, ಅಂದರೆ ಕಾವಲು ಗ್ರಂಥಿ. ಅದನ್ನಷ್ಟೇ ತೆಗೆದು ಪರೀಕ್ಷೆ ಮಾಡಿ, ಅದು ಶುದ್ಧವಾಗಿದ್ದರೆ ಟೇಲ್ ಎಂಡ್ ಗದ್ದೆಗಳನ್ನೆಲ್ಲ ಅಗೆಯೋ ಅಗತ್ಯವೇ ಇಲ್ಲ.

ಉಳಿಯೋದು ಏನು ಗೊತ್ತಾ? ಕೈ. ಕಂಕುಳು ಪೂರ್ತಿ ತೆಗೆದರೆ ಸುಮಾರು ಐವರಲ್ಲಿ ಒಬ್ಬರಿಗೆ ಕೈ ಊತ ಬರುತ್ತೆ. ಕಾವಲು ಗ್ರಂಥಿಯನ್ನಷ್ಟೇ ತೆಗೆದರೆ ನೂರರಲ್ಲಿ ಐದಾರು ಮಂದಿಗೆ.

ಇದೇನೂ ಹೊಸದಲ್ಲ. ಅಮೆರಿಕದಲ್ಲಿ 1993ರಲ್ಲಿ ಡೇವಿಡ್ ಕ್ರಾಗ್ ವಿಕಿರಣ ದ್ರವ್ಯದಿಂದ, 1994ರಲ್ಲಿ ಅರ್ಮಾಂಡೊ ಜುಲಿಯಾನೊ ನೀಲಿ ಬಣ್ಣದಿಂದ ಸ್ತನ ಕ್ಯಾನ್ಸರ್‌ನ ಕಾವಲು ಗ್ರಂಥಿ ಹುಡುಕಿದ್ದನ್ನು ವರದಿ ಮಾಡಿದ್ದರು. ಆಮೇಲೆ ಎರಡನ್ನೂ ಸೇರಿಸಿ ಬಳಸೋದೇ ರೂಢಿಯಾಯ್ತು.

ತೊಡಕು ಇರೋದು ಆ ವಿಕಿರಣ ದ್ರವ್ಯದಲ್ಲಿ. ಹೆಸರು ಟೆಕ್ನೀಷಿಯಂ-99ಎಂ. ‘ವಿಕಿರಣ’ ಅಂದ ತಕ್ಷಣ ನಾನೂ ಹೆದರಿದ್ದೆ. ಆದರೆ ರೋಗಿಗೆ ತಾಗುವ ಪ್ರಮಾಣ ತೀರಾ ಕಡಿಮೆ, ಅದಕ್ಕೆ ಹೆದರಿ ಬೇಡ ಅನ್ನಬೇಕಿಲ್ಲ. ಕಷ್ಟ ಇರೋದು ಗಡಿಯಾರದಲ್ಲಿ: 6 ಗಂಟೆಗೆ ಅದರ ಶಕ್ತಿ ಅರ್ಧ ಆಗಿಬಿಡುತ್ತೆ. ಅದನ್ನು ಕೊಡುವ ಮಾಲಿಬ್ಡಿನಂ-99 ಕೂಡ 66 ಗಂಟೆಗೆ ಅರ್ಧ. ಅದು ತಯಾರಾಗೋದು ಪರಮಾಣು ರಿಯಾಕ್ಟರ್‌ನಲ್ಲಿ. 2009ರಲ್ಲಿ ಕೆನಡಾದ ಚಾಕ್ ರಿವರ್ ರಿಯಾಕ್ಟರ್ ನಿಂತಾಗ ಪ್ರಪಂಚಕ್ಕೆಲ್ಲ ಕೊರತೆ ಬಂದಿತ್ತು. ಜೊತೆಗೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಬೇಕು, ಗಾಮಾ ಪ್ರೋಬ್ ಬೇಕು, ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಒಂದು ಕೆಲಸಕ್ಕೆ ಇಷ್ಟೊಂದು ಡಿಪೆಂಡೆನ್ಸಿ. ಕೆ.ಆರ್. ಪೇಟೆಯ ಹೆಂಗಸಿನ ಕೈ ಉಳಿಯೋದು ಇದರ ಮೇಲೆ ನಿಲ್ಲಬೇಕಾ?

ನಿಲ್ಲಬೇಕಿಲ್ಲ. ವಿಕಿರಣ ಇಲ್ಲದ ದಾರಿಗಳು ಇವೆ.

ಒಂದು, ನೀಲಿ ಬಣ್ಣ. ಮೆಥಿಲೀನ್ ಬ್ಲೂ ಅಗ್ಗ, ಸುಲಭವಾಗಿ ಸಿಗುತ್ತೆ. ಚುಚ್ಚಿದ ಸ್ವಲ್ಪ ಹೊತ್ತಿಗೆ ಮೊದಲ ಗ್ರಂಥಿ ನೀಲಿಯಾಗುತ್ತೆ. ಆಮೇಲೆ ಮೂತ್ರ ಹಸಿರು-ನೀಲಿ ಬಂದರೆ ಗಾಬರಿ ಬೇಡ. ಆದರೆ ಇದೊಂದನ್ನೇ ನಂಬಿದರೆ ಕೆಲವರಲ್ಲಿ ಗ್ರಂಥಿ ಸಿಗದೇ ಹೋಗಬಹುದು.

ಎರಡು, ಐಸಿಜಿ ಎಂಬ ಹಸಿರು ಬಣ್ಣ. ಲಿವರ್ ಮತ್ತು ಹೃದಯದ ಪರೀಕ್ಷೆಗೆ 1950ರ ದಶಕದಿಂದಲೂ ಬಳಕೆಯಲ್ಲಿದೆ. ವಿಶೇಷ ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿದರೆ ಚರ್ಮದ ಕೆಳಗೆ ರಸ ಹರಿಯೋ ದಾರಿ ಪರದೆ ಮೇಲೆ ಹೊಳೆಯುತ್ತೆ. ಗ್ರಂಥಿ ಹುಡುಕೋದರಲ್ಲಿ ಇದು ವಿಕಿರಣ ವಿಧಾನಕ್ಕೆ ಸರಿಸಮ. ಅಯೋಡಿನ್ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು.

ಮೂರು, ಫ್ಲೋರೆಸಿನ್. ಕಣ್ಣಿನ ರೆಟಿನಾ ಪರೀಕ್ಷೆಗೆ ಬಳಸ್ತಾರಲ್ಲ, ಅದೇ. ನೀಲಿ ಬೆಳಕಿನಲ್ಲಿ ಹಳದಿ-ಹಸಿರಾಗಿ ಹೊಳೆಯುತ್ತೆ, ದುಬಾರಿ ಕ್ಯಾಮೆರಾ ಬೇಡ. ದೆಹಲಿ ಏಮ್ಸ್‌ನ ಸರ್ಜನ್‌ಗಳು ಇದನ್ನು ಮೆಥಿಲೀನ್ ಬ್ಲೂ ಜೊತೆ ಬಳಸಿ ನೋಡಿದ್ದಾರೆ.

ನಾಲ್ಕು, ಕಬ್ಬಿಣದ ಆಕ್ಸೈಡ್‌ನ ಸೂಕ್ಷ್ಮ ಕಣಗಳು. ಇವನ್ನು ಆಯಸ್ಕಾಂತದ ಪ್ರೋಬ್ ಪತ್ತೆ ಮಾಡುತ್ತೆ. 2018ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ದುಬಾರಿ. ಚರ್ಮದಲ್ಲಿ ಕಂದು ಕಲೆ ಉಳಿಯಬಹುದು, ಮುಂದೆ ಸ್ತನದ ಎಂಆರ್‌ಐ ಮಾಡಿಸಿದರೆ ಚಿತ್ರ ಕೆಡಬಹುದು.

ಇಷ್ಟು ಓದಿ ಡಾಕ್ಟರ್ ಹತ್ರ ವಾದಕ್ಕೆ ಇಳಿಯಬೇಡಿ. ಆಪರೇಷನ್‌ಗೆ ಮುಂಚೆಯೇ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ ಅಂತ ಸೂಜಿ ಪರೀಕ್ಷೆಯಲ್ಲಿ ಗೊತ್ತಾಗಿದ್ದರೆ ಲೆಕ್ಕ ಬೇರೆ. ಕೀಮೋ ಮೊದಲು ಕೊಟ್ಟಿದ್ದರೂ ಬೇರೆ. ಮತ್ತೆ ಬಣ್ಣಕ್ಕಿಂತ ಮುಖ್ಯ, ಅದನ್ನು ಹಾಕಿ ಹುಡುಕುವ ಕೈ ಪಳಗಿರಬೇಕು.

ಗೆಳತಿಗೆ ನಾನು ಬರೆದುಕೊಟ್ಟಿದ್ದು ಮೂರೇ ಪ್ರಶ್ನೆ. ಅಮ್ಮನಿಗೆ ಕಾವಲು ಗ್ರಂಥಿ ಪರೀಕ್ಷೆ ಸಾಕಾಗುತ್ತಾ? ಐಸೋಟೋಪ್ ಇಲ್ಲದಿದ್ದರೆ ಯಾವ ಬಣ್ಣದಲ್ಲಿ ಮಾಡ್ತೀರಿ? ನೀವು ಇದನ್ನು ಎಷ್ಟು ಜನಕ್ಕೆ ಮಾಡಿದ್ದೀರಿ? ಇಲ್ಲ ಅಂದರೆ ಇನ್ನೊಂದು ಅಭಿಪ್ರಾಯ ಕೇಳೋಕೆ ಮಂಡ್ಯ ಇದೆ, ಮೈಸೂರಿದೆ, ಬೆಂಗಳೂರಿನ ಕಿದ್ವಾಯಿ ಇದೆ. ಶ್ರೀರಂಗಪಟ್ಟಣದಿಂದ ಮೈಸೂರು ಅರ್ಧ ಗಂಟೆ ದಾರಿ. ಅಭಿಪ್ರಾಯ ಕೇಳೋಕೆ ಒಂದೆರಡು ದಿನ ಹೋದರೆ ಮುಳುಗೋದೇನಿಲ್ಲ. ಹಾಗಂತ ತಿಂಗಳುಗಟ್ಟಲೆ ತಳ್ಳಬೇಡಿ.

ಅವಳು ಕೇಳಿದಳು. ಇನ್ನೊಬ್ಬ ಸರ್ಜನ್ ‘ಎರಡು ಬಣ್ಣ ಸೇರಿಸಿ ಮಾಡೋಣ’ ಅಂದಿದ್ದಾರೆ. ಮುಂದಿನ ವಾರ ಆಪರೇಷನ್.

ದೊಡ್ಡಮ್ಮನಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: ‘ನಂಗೆ ಕೇಳಬೇಕು ಅಂತಲೇ ಗೊತ್ತಿರ್ನಿಲ್ಲ ಕಣಪ್ಪ. ಆ ಮಗೀಗೆ ಹೇಳು, ಅವರವ್ವಂಗೆ ಎರಡೂ ಕೈಗೆ ಬಳೆ ನಾನೇ ಕೊಡಿಸ್ತೀನಿ.’