ದೂರು ಕೂಡ ಒಂದು ಅಳತೆ

ಹೋದ ತಿಂಗಳ ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೆಂಡತಿ, ಮಕ್ಕಳು ಮತ್ತು ತಾಯಿಯೊಂದಿಗೆ ಬೇತಮಂಗಲದ ನಮ್ಮ ಮನೆಗೆ ಬಂದಿದ್ದ. ಅವನಿಗೆ ಬೆಂಗಳೂರಿನಲ್ಲಿ ಕೆಲಸ. ಮೊದಲೆಲ್ಲ ಬಂಗಾರಪೇಟೆಯವರೆಗೆ ರೈಲು, ಅಲ್ಲಿಂದ ಬಸ್ಸು ಹಿಡಿದು ಬರುತ್ತಿದ್ದವನು ಈ ಸಲ ಕಾರಿನಲ್ಲೇ ಬಂದ. ಈಗ ಎಲ್ಲರೂ ಆಸೆಪಡುತ್ತಾರಲ್ಲ, ಜೀಪಿನಂತೆ ಎತ್ತರವಾಗಿಯೂ ಕಾರಿನಂತೆ ಚಿಕ್ಕದಾಗಿಯೂ ಇರುವ ಕಾಂಪ್ಯಾಕ್ಟ್ ಎಸ್‌ಯುವಿ, ಅಂಥದ್ದು. ಸೆಕೆಂಡ್ ಹ್ಯಾಂಡ್ ಗಾಡಿ, ಮೂರು ವರ್ಷ ಹಳೆಯದು.

“ಕೂತ್ಕೊಳ್ಳಿ ಸಾರ್, ಕೆರೆಯವರೆಗೂ ಒಂದು ರೌಂಡ್ ಹೋಗಿಬರೋಣ” ಎಂದ. ಕೂತೆ. ಮೀಟರುಗಳ ಗಾಜಿನ ಮೇಲೆ ಉಗುರಗಲದ ಒಂದು ಕಪ್ಪು ಟೇಪು ಕಾಣಿಸಿತು.

“ಏನಪ್ಪಾ ಇದು?”

“ಏನಿಲ್ಲ ಸಾರ್, ಅಲ್ಲೊಂದು ಕೆಂಪು ದೀಪ ಉರೀತಾನೇ ಇತ್ತು. ಮೆಕ್ಯಾನಿಕ್‌ಗೆ ತೋರಿಸಿದೆ. ಗಾಡಿ ಓಡೋಕೆ ಏನೂ ತೊಂದರೆ ಇಲ್ಲ, ಕಣ್ಣಿಗೆ ಹೊಡೀಬಾರದು ಅಂತ ಟೇಪು ಹಾಕಿಕೊಟ್ಟ.”

ಟೇಪು ಕೀಳಿಸಿ ನೋಡಿದೆ. ಕೂತ ಮನುಷ್ಯನ ಎದುರಿಗೆ ಒಂದು ಗುಂಡು ಚೆಂಡಿನ ಚಿತ್ರ. ಅದು ಏರ್‌ಬ್ಯಾಗಿನ ದೀಪ. ಅದು ಉರಿಯುತ್ತಲೇ ಇದ್ದರೆ ಏರ್‌ಬ್ಯಾಗಿನ ವ್ಯವಸ್ಥೆಯಲ್ಲಿ ಏನೋ ಕೆಟ್ಟಿದೆ, ಅಪಘಾತದ ಹೊತ್ತಿನಲ್ಲಿ ಚೀಲ ಬಿಚ್ಚಿಕೊಳ್ಳದೆ ಹೋಗಬಹುದು ಎಂದರ್ಥ. ಜ್ವರ ಬಂದವನ ಬಾಯಿಂದ ಥರ್ಮಾಮೀಟರ್ ಕಿತ್ತು ಹಾಕಿದರೆ ಜ್ವರ ಇಳಿಯುತ್ತದೆಯೇ? ಎಂಟನೇ ತರಗತಿಯಲ್ಲಿ ನನ್ನ ಕೈಲಿ ವಿಜ್ಞಾನ ಕಲಿತ ಹುಡುಗ ಈತ! ಬೈಯುವ ಮೊದಲು ಅವನ ತಾಯಿಯ ಮುಖ ನೋಡಿ ಸುಮ್ಮನಾದೆ.

ಅವನ ಗಾಡಿಯ ಕಥೆಯನ್ನು ಕೊನೆಯಲ್ಲಿ ಹೇಳುತ್ತೇನೆ. ಕಂಪನಿಯ ಹೆಸರು ಬೇಡ. ಈಗ ಹೆಸರಿಸಿ ಹೇಳಲಿರುವ ಕಾರುಗಳಲ್ಲಿ ಅದು ಸೇರಿಲ್ಲ ಎಂಬುದಷ್ಟು ನೆನಪಿರಲಿ.

ಮೈಸೂರು ರಸ್ತೆಯ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ಇದೆ. 2022ರಲ್ಲಿ ಅಲ್ಲಿಂದ ಒಂದೇ ಬಗೆಯ ಎರಡು ಗಾಡಿಗಳು ಹೊರಬಂದವು. ಟೊಯೋಟಾ ಮಾರಿದ್ದಕ್ಕೆ ಅರ್ಬನ್ ಕ್ರೂಸರ್ ಹೈರೈಡರ್ ಎಂದು ಹೆಸರು, ಮಾರುತಿ ಸುಜುಕಿ ಮಾರಿದ್ದಕ್ಕೆ ಗ್ರ್ಯಾಂಡ್ ವಿಟಾರಾ ಎಂದು ಹೆಸರು. ಎರಡಕ್ಕೂ ಜನ ಮುಗಿಬಿದ್ದರು. ಆದರೆ ಕೆಲವೇ ತಿಂಗಳಲ್ಲಿ ಒಂದರ ಹಿಂದೊಂದು ಮೂರು ಸಲ ಕಂಪನಿಗಳು “ಗಾಡಿ ತನ್ನಿ, ಪರೀಕ್ಷಿಸಬೇಕು” ಎಂದು ಗಿರಾಕಿಗಳನ್ನು ಕರೆದವು. ಇದನ್ನೇ ರೀಕಾಲ್ ಎನ್ನುವುದು.

ಮೊದಲನೆಯದು 2022ರ ಡಿಸೆಂಬರಿನಲ್ಲಿ. ಮುಂದಿನ ಸೀಟಿನ ಬೆಲ್ಟನ್ನು ಭುಜದ ಎತ್ತರಕ್ಕೆ ಹೊಂದಿಸುವ ಜೋಡಣೆಯ ಒಂದು ಚಿಕ್ಕ ಭಾಗದಲ್ಲಿ ದೋಷವಿರಬಹುದೆಂಬ ಅನುಮಾನ. ಮಾರುತಿ ಗ್ರ್ಯಾಂಡ್ ವಿಟಾರಾ ಸೇರಿ ಐದು ಮಾದರಿಗಳ 9,125 ಗಾಡಿಗಳನ್ನು ಕರೆಯಿತು. ಎರಡನೆಯದು 2023ರ ಜನವರಿಯಲ್ಲಿ. ಏರ್‌ಬ್ಯಾಗನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯ ಅನುಮಾನ. ಈ ಸಲ ಮಾರುತಿಯ ಹಲವು ಮಾದರಿಗಳ 17,362 ಗಾಡಿಗಳು. ಪೆಟ್ಟಿಗೆ ಬದಲಾಯಿಸುವವರೆಗೆ ಗಾಡಿಯನ್ನು ಓಡಿಸಲೇಬೇಡಿ ಎಂದು ಕಂಪನಿಯೇ ಹೇಳಿತು. ಮೂರನೆಯದು ಅದೇ ತಿಂಗಳ ಕೊನೆಯಲ್ಲಿ. ಹಿಂದಿನ ಸೀಟಿನ ಬೆಲ್ಟನ್ನು ಗಾಡಿಯ ಮೈಗೆ ಬಿಗಿದಿಡುವ ಬ್ರಾಕೆಟ್ಟು ಕಾಲಕ್ರಮೇಣ ಸಡಿಲವಾಗಬಹುದೆಂದು 11,177 ಗ್ರ್ಯಾಂಡ್ ವಿಟಾರಾಗಳಿಗೆ ಕರೆ ಹೋಯಿತು. ಈ ಮೂರೂ ಕಾರಣಗಳಿಗೆ ಟೊಯೋಟಾ ಕೂಡ ತನ್ನ ಗಿರಾಕಿಗಳನ್ನು ಕರೆಯಿತು. ಆಮೇಲೆ 2025ರ ನವೆಂಬರಿನಲ್ಲಿ ಇಂಧನದ ಮಟ್ಟ ತೋರಿಸುವ ಮುಳ್ಳು ಸುಳ್ಳು ಹೇಳಬಹುದೆಂಬ ಕಾರಣಕ್ಕೆ 39,506 ಗ್ರ್ಯಾಂಡ್ ವಿಟಾರಾಗಳನ್ನು ಕರೆದದ್ದೂ ಉಂಟು.

ಇದನ್ನು ಓದಿದ ಪೋಷಕರು “ಹಾಗಾದರೆ ಆ ಗಾಡಿ ಸರಿಯಿಲ್ಲ” ಎಂದು ತೀರ್ಮಾನಿಸಿಬಿಡಬಾರದು. ನಮ್ಮ ಕಡೆಯ ಹಾಲಿನ ಡೇರಿಯನ್ನೇ ನೋಡಿ. ಒಂದು ಕ್ಯಾನಿನ ಹಾಲು ಒಡೆದಿದ್ದರೆ ಅದೇ ರೂಟಿನ ಎಲ್ಲ ಕ್ಯಾನುಗಳ ಮುಚ್ಚಳವನ್ನೂ ತೆಗೆಸಿ ನೋಡುತ್ತಾರೆ. ಎಲ್ಲವೂ ಕೆಟ್ಟಿವೆ ಎಂದಲ್ಲ, ಯಾವುದು ಕೆಟ್ಟಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ ಎಂದು. ಬ್ರಾಕೆಟ್ಟಿನ ವಿಷಯದಲ್ಲೂ ಹಾಗೆಯೇ. 2022ರ ಆಗಸ್ಟ್ 8ರಿಂದ ನವೆಂಬರ್ 15ರ ನಡುವೆ ತಯಾರಾದ ಗಾಡಿಗಳನ್ನು ಕರೆದರು. ದೋಷ ಅಪರೂಪ ಎಂದು ಕಂಪನಿಯೇ ಹೇಳಿತ್ತು. ಆದರೂ ಎಲ್ಲವನ್ನೂ ನೋಡಲೇಬೇಕಾಯಿತು.

ಒಂದು ಬ್ರಾಕೆಟ್ಟಿಗೆ ಇಷ್ಟು ರಾದ್ಧಾಂತವೇ ಎನ್ನುತ್ತೀರಾ? ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ. ಗಾಡಿ ಗಂಟೆಗೆ 54 ಕಿ.ಮೀ. ವೇಗದಲ್ಲಿದೆ ಎನ್ನಿ. ಅಂದರೆ ಸೆಕೆಂಡಿಗೆ 15 ಮೀಟರ್. ಹಿಂದಿನ ಸೀಟಿನಲ್ಲಿ 60 ಕಿಲೋ ತೂಕದ ಅಜ್ಜಿ ಕೂತಿದ್ದಾರೆ. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಅವರ ಚಲನ ಶಕ್ತಿ 6,750 ಜೂಲ್. ಗಾಡಿ ಎದುರಿಗೆ ಏನಕ್ಕೋ ಬಡಿದು ಥಟ್ಟನೆ ನಿಂತಿತು. ಗಾಡಿಯ ಮೂತಿ ನುಜ್ಜಾಗುವುದು, ಬೆಲ್ಟು ಸ್ವಲ್ಪ ಹಿಗ್ಗುವುದು ಎಲ್ಲ ಸೇರಿ ಅಜ್ಜಿ 60 ಸೆಂಟಿಮೀಟರಿನಲ್ಲಿ ನಿಂತರು ಎಂದಿಟ್ಟುಕೊಳ್ಳಿ. ಶಕ್ತಿಯನ್ನು ದೂರದಿಂದ ಭಾಗಿಸಿ. ಬೆಲ್ಟು ಹಿಡಿಯಬೇಕಾದ ಬಲ ಸರಾಸರಿ 11,250 ನ್ಯೂಟನ್. ಸುಮಾರು 1,150 ಕಿಲೋ ಭಾರವನ್ನು ತೂಗುಹಾಕಿದಷ್ಟು! ಆ ಭಾರವೆಲ್ಲ ಬಂದು ಬೀಳುವುದು ಅಂಗೈಯಗಲದ ಬ್ರಾಕೆಟ್ಟುಗಳ ಮೇಲೆ.

ಬೆಲ್ಟೇ ಇಲ್ಲದಿದ್ದರೆ? ಗಾಡಿ ನಿಂತಿತು, ಅಜ್ಜಿ ನಿಲ್ಲಲಿಲ್ಲ. ಮುಂದಿನ ಸೀಟಿಗೆ ಬಡಿದು ಐದು ಸೆಂಟಿಮೀಟರಿನಲ್ಲಿ ನಿಂತರು ಎನ್ನಿ. ಬಲ 1,35,000 ನ್ಯೂಟನ್, ಹನ್ನೆರಡು ಪಟ್ಟು. ಇದನ್ನು ತಡೆಯುವ ಎಲುಬು ಯಾರಿಗೂ ಇಲ್ಲ.

ಇನ್ನೊಂದು ಲೆಕ್ಕ ಮಾಡಿ. 54 ಕಿ.ಮೀ. ವೇಗದಲ್ಲಿ ಬಡಿಯುವುದು ಹನ್ನೊಂದೂವರೆ ಮೀಟರ್ ಎತ್ತರದಿಂದ ಬಿದ್ದಂತೆ. ವೇಗ ಇಮ್ಮಡಿಯಾಗಿ 108 ಆದರೆ ಎತ್ತರ ಇಮ್ಮಡಿಯಲ್ಲ, ನಾಲ್ಕು ಪಟ್ಟು. 46 ಮೀಟರ್. ಹೊಸಕೋಟೆಯಿಂದ ನಮ್ಮ ಬೇತಮಂಗಲದವರೆಗೆ ಸುಮಾರು 71 ಕಿ.ಮೀ. ಎಕ್ಸ್‌ಪ್ರೆಸ್‌ವೇ 2024ರ ಡಿಸೆಂಬರಿನಲ್ಲಿ ಸಂಚಾರಕ್ಕೆ ತೆರೆದುಕೊಂಡಿತು. ಗಂಟೆಗೆ 120 ಕಿ.ಮೀ. ವೇಗಕ್ಕೆಂದು ರೂಪಿಸಿದ ರಸ್ತೆ ಅದು. ಊರೊಳಗಿನ ಹೊಂಡಗಳ ನಡುವೆ ನಲವತ್ತರಲ್ಲಿ ಓಡುತ್ತಿದ್ದ ಗಾಡಿಯ ದೋಷ ಅಲ್ಲಿಗೆ ಹೋದ ಮೇಲೂ ಚಿಕ್ಕದಾಗಿಯೇ ಉಳಿಯುವುದಿಲ್ಲ. ವೇಗ ಏರಿದಷ್ಟೂ ಬ್ರಾಕೆಟ್ಟಿನ ಜವಾಬ್ದಾರಿಯೂ ಏರುತ್ತದೆ.

ಏರ್‌ಬ್ಯಾಗಿನ ಕೆಲಸ ಇನ್ನೂ ಸೂಕ್ಷ್ಮ. ಡಿಕ್ಕಿಯಾಗಿದೆ ಎಂದು ಅರಿಯಬೇಕು, ಬಿಚ್ಚಬೇಕೋ ಬೇಡವೋ ಎಂದು ತೀರ್ಮಾನಿಸಬೇಕು, ರಾಸಾಯನಿಕ ಉರಿಸಿ ಅನಿಲ ಹುಟ್ಟಿಸಿ ಚೀಲ ತುಂಬಬೇಕು. ಎಲ್ಲವೂ ಸುಮಾರು ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ ಮುಗಿಯಬೇಕು. ಕಣ್ಣು ಮಿಟುಕಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಈ ರಾಸಾಯನಿಕದ ವಿಷಯದಲ್ಲಿ ಜಗತ್ತೇ ಪಾಠ ಕಲಿತದ್ದುಂಟು. ಜಪಾನಿನ ಟಕಾಟಾ ಎಂಬ ಕಂಪನಿ ಏರ್‌ಬ್ಯಾಗುಗಳಲ್ಲಿ ಅಮೋನಿಯಂ ನೈಟ್ರೇಟ್ ಬಳಸುತ್ತಿತ್ತು. ಗಣಿಗಳಲ್ಲಿ ಬಂಡೆ ಸಿಡಿಸುವ ಮದ್ದಿನಲ್ಲೂ ಬಳಸುವ ವಸ್ತು ಅದು. ವರ್ಷಗಟ್ಟಲೆ ಸೆಕೆ ಮತ್ತು ತೇವ ತಗಲಿದರೆ ಅದರ ಬಿಲ್ಲೆಗಳ ರಚನೆ ಹಾಳಾಗಿ, ಉರಿಯಬೇಕಾದ್ದಕ್ಕಿಂತ ವೇಗವಾಗಿ ಉರಿಯುತ್ತವೆ. ಆಗ ಅದನ್ನು ತುಂಬಿದ ಲೋಹದ ಡಬ್ಬಿಯೇ ಸಿಡಿದು ಚೂರುಗಳು ಕೂತವರಿಗೆ ಬಡಿಯುತ್ತವೆ. ಕಾಪಾಡಬೇಕಾದದ್ದೇ ಕೊಂದಿತು. ಅಮೆರಿಕವೊಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. 2017ರಲ್ಲಿ ಟಕಾಟಾ ದಿವಾಳಿಯಾಯಿತು. ಗಾಡಿ ಹೊಸದಾಗಿದ್ದಾಗ ಕಾಣದ ದೋಷ ಅದು. ಕಾರ್ಖಾನೆಯ ಬಾಗಿಲಲ್ಲಿ ಎಷ್ಟು ಪರೀಕ್ಷಿಸಿದರೂ ಕೆಲವು ದೋಷಗಳು ರಸ್ತೆಯಲ್ಲಿ, ಬಳಸುವವರ ಕೈಯಲ್ಲಿ, ವರ್ಷಗಳಾದ ಮೇಲೆಯೇ ಹೊರಬರುತ್ತವೆ.

ಆದ್ದರಿಂದಲೇ ಬಳಸುವವರು ಬಾಯಿಬಿಡಬೇಕು ಎನ್ನುವುದು. ನಮ್ಮಲ್ಲಿ ಏನಾಗುತ್ತದೆ ಗೊತ್ತೇ? ಗಾಡಿ ಕೆಟ್ಟರೆ ನೇರ ನಮ್ಮ ಮೆಕ್ಯಾನಿಕ್ಕಿನ ಬಳಿಗೆ. ಅಂಬಾಸಡರ್, ಫಿಯಟ್ ಕಾಲದಿಂದಲೂ ಇದೇ ರೂಢಿ. ಅವರ ಕೈಚಳಕವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಕಂಪನಿಯವರಿಗೇ ಹೊಳೆಯದ ಉಪಾಯ ಅವರಿಗೆ ಹೊಳೆಯುತ್ತದೆ. ಆದರೆ ಅವರು ನಮ್ಮ ಒಂದು ಗಾಡಿಯನ್ನು ರಿಪೇರಿ ಮಾಡಿದರು, ದೋಷದ ಸುದ್ದಿ ಅಲ್ಲಿಗೇ ನಿಂತಿತು. ಅದೇ ದೋಷವಿರುವ ಸಾವಿರ ಗಾಡಿಗಳು ಓಡುತ್ತಲೇ ಇರುತ್ತವೆ. ನಾವು ದೂರು ಎಂದರೆ ಜಗಳ ಎಂದುಕೊಂಡಿದ್ದೇವೆ. ವಿಜ್ಞಾನದ ಕಣ್ಣಿಗೆ ದೂರು ಜಗಳವಲ್ಲ, ಅಳತೆ. ನೂರು ಅಳತೆ ಒಂದೇ ಮಾತು ಹೇಳಿದಾಗ ಅದು ಆಕಸ್ಮಿಕವಲ್ಲ, ಅದಕ್ಕೊಂದು ಕಾರಣವಿದೆ ಎಂದು ಗೊತ್ತಾಗುತ್ತದೆ.

ನಮ್ಮ ಕಾನೂನೂ ಈಗ ಇದನ್ನು ಒಪ್ಪಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿ ರೀಕಾಲಿಗೆಂದೇ 110ಎ ಎಂಬ ಕಲಮು ಸೇರಿತು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಏಳು ವರ್ಷದೊಳಗಿನ ವಾಹನಗಳಿಗೆ ಇವು ಅನ್ವಯ. ಒಂದು ಮಾದರಿಯ ಬಗ್ಗೆ ಬಂದ ದೂರುಗಳ ಸಂಖ್ಯೆ ನಿಗದಿಯಾದ ಮಟ್ಟ ಮುಟ್ಟಿದರೆ, ತನಿಖೆ ನಡೆಸಿ ಗಾಡಿಗಳನ್ನು ಹಿಂದಕ್ಕೆ ಕರೆಸುವಂತೆ ಸರ್ಕಾರವೇ ಆಜ್ಞೆ ಮಾಡಬಹುದು. ದಂಡ ಒಂದು ಕೋಟಿ ರೂಪಾಯಿಯವರೆಗೂ ಹೋಗಬಹುದು. ಆದರೆ ಕಂಪನಿ ತಾನಾಗಿ ದೋಷ ಕಂಡುಕೊಂಡು, ಸರ್ಕಾರಕ್ಕೆ ತಿಳಿಸಿ ಗಾಡಿಗಳನ್ನು ಕರೆದರೆ ಆ ದಂಡವಿಲ್ಲ. ತಪ್ಪನ್ನು ತಾನೇ ಒಪ್ಪಿಕೊಂಡವನಿಗೆ ಬೆತ್ತದೇಟು ಬೇಡ ಎಂಬ ಮೇಷ್ಟರ ಬುದ್ಧಿ ಕಾನೂನಿಗೂ ಇದೆ ನೋಡಿ!

ಕೆ.ಜಿ.ಎಫ್. ಕಡೆಯವರಿಗೆ ಇದು ಹೊಸ ಮಾತೂ ಅಲ್ಲ. ಗಣಿಗಳಲ್ಲಿ ಜನರನ್ನು ಇಳಿಸುವ ಕೇಜಿನ ಹಗ್ಗವನ್ನು ದಿನವೂ ಪರೀಕ್ಷಿಸಬೇಕೆಂಬುದು ನಿಯಮ. ನಿನ್ನೆ ಸರಿಯಿತ್ತು ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿದ್ದ ನಮ್ಮ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಆ ಕೇಜುಗಳಲ್ಲಿ ಇಳಿದು ಹತ್ತಿದವರ ಮೊಮ್ಮಕ್ಕಳು ಇವತ್ತು ಕೆಂಪು ದೀಪದ ಮೇಲೆ ಟೇಪು ಅಂಟಿಸಿಕೊಂಡು ಓಡಾಡಬಾರದು.

ಈಗ ನನ್ನ ವಿದ್ಯಾರ್ಥಿಯ ಕಥೆ. ಅಂದೇ ನಮ್ಮ ಜಗಲಿಯಲ್ಲಿ ಕೂತು ಆರ್.ಸಿ. ತೆಗೆಸಿದೆ. ಅದರಲ್ಲಿ ಹದಿನೇಳು ಅಕ್ಷರ ಮತ್ತು ಅಂಕಿಗಳ ಚಾಸಿ ನಂಬರ್ ಇರುತ್ತದೆ. ಅದನ್ನು ಕಂಪನಿಯವರ ರೀಕಾಲ್ ಪುಟದಲ್ಲಿ ಅವನ ಮೊಬೈಲಿನಿಂದಲೇ ಹಾಕಿ ನೋಡಿದೆವು. ಈ ಗಾಡಿಯ ಏರ್‌ಬ್ಯಾಗಿನ ನಿಯಂತ್ರಣ ಪೆಟ್ಟಿಗೆ ಬದಲಾಯಿಸಬೇಕಾಗಿದೆ, ಇನ್ನೂ ಬಾಕಿ ಇದೆ ಎಂದು ಬಂತು. ಪತ್ರ ಹೋಗಿದ್ದದ್ದು ಗಾಡಿಯ ಮೊದಲ ಯಜಮಾನರಿಗೆ. ಅವರು ಗಾಡಿ ಮಾರಿದ್ದರು. ಪತ್ರ ಏನಾಯಿತೋ! ಒಂದು ವರ್ಷದಿಂದ ಇಬ್ಬರು ಮಕ್ಕಳನ್ನೂ ತಾಯಿಯನ್ನೂ ಕೂರಿಸಿಕೊಂಡು ಆತ ಎಕ್ಸ್‌ಪ್ರೆಸ್‌ವೇಯಲ್ಲಿ ಓಡಾಡಿದ್ದ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಸಂಜೆ ಮನೆಯವರನ್ನೆಲ್ಲ ರೈಲಿನಲ್ಲಿ ಕಳಿಸಿ, ಗಾಡಿಯನ್ನು ನಮ್ಮ ಮನೆ ಮುಂದೆಯೇ ಬಿಟ್ಟುಹೋದ. ಬುಧವಾರ ಕಂಪನಿಯವರೇ ಬಂದು ಎಳೆದುಕೊಂಡು ಹೋದರು. ಅರ್ಧ ದಿನದ ಕೆಲಸ, ಒಂದು ಪೈಸೆ ಖರ್ಚಿಲ್ಲ. ದೀಪ ಈಗ ಸ್ಟಾರ್ಟ್ ಮಾಡಿದಾಗ ಒಮ್ಮೆ ಬೆಳಗಿ ಆರಿಹೋಗುತ್ತದಂತೆ. ಅದು ಹಾಗೆಯೇ ಇರಬೇಕು.

ಕೊನೆಗೊಂದು ತಪ್ಪೊಪ್ಪಿಗೆ. ಹಲವು ವರ್ಷಗಳ ಹಿಂದೆ ಪ್ರಯೋಗಶಾಲೆಯಲ್ಲಿ ಸ್ಪ್ರಿಂಗ್ ತ್ರಾಸಿನಿಂದ ತೂಕ ನೋಡಿ ಬರೆಯುವ ಪರೀಕ್ಷೆ ಕೊಟ್ಟಿದ್ದೆ. ಒಂದು ಬೆಂಚಿನ ಆರು ಮಕ್ಕಳದೂ ಉತ್ತರ ತಪ್ಪು. ಒಬ್ಬರದನ್ನೊಬ್ಬರು ನೋಡಿ ಬರೆದಿದ್ದಾರೆಂದು ಆರು ಜನಕ್ಕೂ ಅಂಕ ಕಳೆದೆ. ಒಬ್ಬಳು ಹುಡುಗಿ ಮಾತ್ರ ಎದ್ದು ನಿಂತು, “ಸಾರ್, ನಮ್ಮ ತ್ರಾಸು ಏನೂ ತೂಗುಹಾಕದಿದ್ದರೂ ಸೊನ್ನೆಯಲ್ಲಿ ನಿಲ್ಲಲ್ಲ” ಎಂದಳು. ಕೂತ್ಕೋ ಎಂದು ಗದರಿದೆ. ಸಂಜೆ ಎಲ್ಲರೂ ಹೋದ ಮೇಲೆ ಹೋಗಿ ನೋಡಿದರೆ ಅವಳು ಹೇಳಿದ್ದೇ ನಿಜ. ಮಾರನೆಯ ದಿನ ಪುಸ್ತಕಗಳನ್ನೆಲ್ಲ ವಾಪಸ್ ತರಿಸಿ ಅಂಕ ತಿದ್ದಿದೆ. ಮರ್ಯಾದೆ ಹೋಗುತ್ತದೆಂದು ರಾತ್ರಿಯೆಲ್ಲ ಹೆದರಿದ್ದೆ, ಹೋಗಲಿಲ್ಲ. ಅವತ್ತಿನಿಂದ ಮಕ್ಕಳು ಮುರಿದ ಸಾಮಾನನ್ನು ಬಚ್ಚಿಡದೆ ತಂದು ತೋರಿಸಲು ಶುರುಮಾಡಿದರು.

ಈ ವಾರದ ಮನೆಗೆಲಸ ಮಕ್ಕಳಿಗೂ ಪೋಷಕರಿಗೂ ಸೇರಿ. ಮನೆಯಲ್ಲಿ ಕಾರೋ ಸ್ಕೂಟರೋ ಇದ್ದರೆ ಆರ್.ಸಿ.ಯಲ್ಲಿ ಚಾಸಿ ನಂಬರ್ ಹುಡುಕಿ ಬರೆದುಕೊಳ್ಳಿ. ಕಂಪನಿಯ ಪುಟದಲ್ಲೋ, ಶೋರೂಮಿಗೆ ಫೋನು ಮಾಡಿಯೋ, ಯಾವುದಾದರೂ ರೀಕಾಲ್ ಬಾಕಿ ಇದೆಯೇ ಕೇಳಿ. ಹಳೆಯ ಗಾಡಿ ಕೊಂಡವರು ತಪ್ಪದೆ ಕೇಳಿ. ಗಾಡಿ ಮಾರಿದವರಿಗೆ ಪತ್ರ ಬಂದರೆ ಹರಿದು ಹಾಕಬೇಡಿ, ಕೊಂಡವರಿಗೆ ಮುಟ್ಟಿಸಿ. ದೋಷ ಕಂಡರೆ ಕಂಪನಿಗೂ, ಕೇಂದ್ರ ಸಾರಿಗೆ ಸಚಿವಾಲಯದ ವಾಹನ್ ಜಾಲತಾಣದಲ್ಲೂ ದೂರು ಕೊಡಿ. ದೂರಿನಲ್ಲಿ ಸಿಟ್ಟು ಬೇಡ. ತಾರೀಖು, ಓಡಿದ ಕಿಲೋಮೀಟರ್, ಆಗ ಇದ್ದ ವೇಗ, ಆದದ್ದೇನು, ಎಷ್ಟು ಸಲ ಆಯಿತು, ಇಷ್ಟನ್ನು ಬರೆಯಿರಿ. ಪ್ರಯೋಗದ ಪುಸ್ತಕ ಬರೆದ ಹಾಗೆ.